ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳೂ ಲೋಕಸಭೆಯ ಚುನಾವಣೆಗಳೂ

1

ಕಪಿಲೆಯ ದಡದ ನಂಜನಗೂಡಾಗಲಿ, ಆ ಕಪಿಲೆ ಕಾವೇರಿಯೊಡನೆ ಕೂಡುವ ತಿರುಮಕೂಡಲು ನರಸೀಪುರವಾಗಲಿ ಚರಿತ್ರೆಯ ವಿದ್ಯಾರ್ಥಿಗಳಿಗೆ ಅಪರಿಚಿತವಾದ ಸ್ಥಳಗಳಲ್ಲ. ಶ್ರೀಕಂಠೇಶ್ವರನ ದೇವಾಲಯ, ಗಂಗರ ತಲಕಾಡು, ಹೊಯ್ಸಳರ ಕಾಲದ ಸೋಮನಾಥಪುರ ಇವುಗಳ ವಿಷಯವಾಗಿ ವಿದ್ವಾಂಸರು ಸಾಕಷ್ಟು ಬರೆದಿದ್ದಾರೆ. ಈ ಎರಡು ತಾಲ್ಲೂಕುಗಳ ಶಾಸನಗಳನ್ನು ಓದಿದಷ್ಟು ಶ್ರದ್ಧೆಯಿಂದ ಇಲ್ಲಿನ ಮತದಾನದ ಚರಿತ್ರೆಯನ್ನು ಮಾತ್ರ ಯಾರೂ ಓದಿದಂತೆ ತೋರುವುದಿಲ್ಲ. ದಾನಶಾಸನವು ಭೂಮಿಯನ್ನು ಯಾರು ಯಾರಿಗೆ ಕೊಟ್ಟರೆಂಬುದನ್ನು ಹೇಳುವಂತೆಯೇ, ಚುನಾವಣೆಯ ಫಲಿತಾಂಶವು ಅಧಿಕಾರವನ್ನು ಯಾರು ಯಾರಿಗೆ ಕೊಟ್ಟರೆಂಬುದನ್ನು ಹೇಳುತ್ತದೆ. ಎರಡೂ ಚರಿತ್ರಕಾರನಿಗೆ ಸಮಾನವಾದ ಆಧಾರಗಳೇ ಸರಿ.

ಪ್ರಸ್ತುತ ಲೇಖನದಲ್ಲಿ 1952ರಿಂದ 2024ರವರೆಗೆ ಈ ಎರಡು ತಾಲ್ಲೂಕುಗಳ ಜನರು ಲೋಕಸಭೆಗೆ ತಮ್ಮ ಪ್ರತಿನಿಧಿಗಳನ್ನು ಆರಿಸಿ ಕಳುಹಿಸಿದ ಬಗೆಯನ್ನು ವಿವೇಚಿಸಲು ಯತ್ನಿಸಿದ್ದೇವೆ. ಗೆದ್ದವರ ಹೆಸರುಗಳನ್ನು ಸಾಲಾಗಿ ಬರೆಯುವುದು ನಮ್ಮ ಉದ್ದೇಶವಲ್ಲ. ಇಲ್ಲಿ ಒಂದು ಪ್ರಶ್ನೆಯಿದೆ: ಪರಿಶಿಷ್ಟ ಜಾತಿಯವರಿಗಾಗಿ ಕಾದಿರಿಸಿದ ಸ್ಥಾನವನ್ನು ಎಲ್ಲ ಜಾತಿಯ ಮತದಾರರೂ ಸೇರಿ ತುಂಬುವಾಗ, ಆ ಪ್ರತಿನಿಧಿ ಯಾರಿಗೆ ಉತ್ತರವಾದಿ? ಈ ಪ್ರಶ್ನೆಗೆ ರಾಜ್ಯಾಂಗ ಎರಡು ವಿಧವಾದ ವ್ಯವಸ್ಥೆಗಳನ್ನು ಪರೀಕ್ಷಿಸಿ ನೋಡಿತು. ಎರಡನ್ನೂ ಈ ತಾಲ್ಲೂಕುಗಳು ಅನುಭವಿಸಿವೆ.

2

ಮೈಸೂರು ಸಂಸ್ಥಾನದಲ್ಲಿ ಪ್ರಾತಿನಿಧ್ಯದ ಕಲ್ಪನೆ 1952ಕ್ಕಿಂತ ಬಹಳ ಹಿಂದಿನದು. 1881ರಲ್ಲಿ ರಾಜ್ಯವು ಒಡೆಯರ ವಂಶಕ್ಕೆ ಮರಳಿ ಬಂದ ವರ್ಷವೇ ದಿವಾನ್ ರಂಗಾಚಾರ್ಲು ಅವರು ಪ್ರಜಾಪ್ರತಿನಿಧಿ ಸಭೆಯನ್ನು ಏರ್ಪಡಿಸಿದರು. ಆ ವರ್ಷದ ಅಕ್ಟೋಬರಿನಲ್ಲಿ ದಸರೆಯ ಸಂದರ್ಭದಲ್ಲಿ ಸೇರಿದ ಮೊದಲ ಸಭೆಗೆ ನಾನಾ ತಾಲ್ಲೂಕುಗಳಿಂದ ಬಂದ 144 ಮಂದಿ ಸದಸ್ಯರಲ್ಲಿ ಬಹುಮಂದಿ ಅನುಕೂಲಸ್ಥ ರೈತರು ಮತ್ತು ವರ್ತಕರು. ಅವರನ್ನು ಜನರು ಆರಿಸಿರಲಿಲ್ಲ. ಚುನಾವಣೆಯ ಪದ್ಧತಿ ಬಂದದ್ದು 1891ರಲ್ಲಿ. ಆಗಲೂ ಮತದ ಹಕ್ಕು ಆಸ್ತಿ, ಕಂದಾಯ, ವಿದ್ಯಾರ್ಹತೆ ಇವುಗಳನ್ನು ಅವಲಂಬಿಸಿತ್ತು. 1923ರ ಸುಧಾರಣೆಗಳಿಂದ ಸ್ತ್ರೀಯರಿಗಿದ್ದ ಅಡ್ಡಿ ತೊಲಗಿತಾದರೂ, ಆಸ್ತಿಯ ಅರ್ಹತೆ ಉಳಿದುಕೊಂಡುದರಿಂದ ಆ ಹಕ್ಕು ಕೆಲವೇ ಮನೆಗಳ ಹೊಸ್ತಿಲನ್ನು ದಾಟಿ ಹೋಗಲಿಲ್ಲ. ಕೂಲಿಯಾಳು, ಗೇಣಿದಾರ, ಊರಿನ ಹೊರಗಿನ ಕೇರಿಯವನು ಇವರು ಪ್ರಜೆಗಳಾಗಿದ್ದರೇ ವಿನಾ ಮತದಾರರಾಗಿರಲಿಲ್ಲ.

1947ರ ಜವಾಬ್ದಾರಿ ಸರ್ಕಾರದ ಚಳವಳಿಯ ಫಲವಾಗಿ ಅದೇ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂತು. ಪ್ರಜಾಪ್ರತಿನಿಧಿ ಸಭೆ 1949ರಲ್ಲಿ ಕೊನೆಗೊಂಡಿತು. 1950ರ ಜನವರಿ 26ರಂದು ಜಾರಿಗೆ ಬಂದ ರಾಜ್ಯಾಂಗ, ಇಪ್ಪತ್ತೊಂದು ವರ್ಷ ತುಂಬಿದ ಪ್ರತಿಯೊಬ್ಬ ಸ್ತ್ರೀಗೂ ಪುರುಷನಿಗೂ ಒಂದೇ ಬೆಲೆಯ ಮತವನ್ನು ಕೊಟ್ಟಿತು. ಎಪ್ಪತ್ತು ವರ್ಷಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿ ಬಂದ ದಾರಿ ಒಂದೇ ನೆಗೆತಕ್ಕೆ ಮುಗಿದುಹೋಯಿತು.

ಇದು ಎಷ್ಟು ದೊಡ್ಡ ನೆಗೆತವೆಂಬುದು ಹೊರದೇಶಗಳೊಡನೆ ಹೋಲಿಸಿದಾಗ ಸ್ಪಷ್ಟವಾಗುತ್ತದೆ. ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟ್, ಎಂದರೆ ಮುಂದಿನ ಘಾನಾ, 1951ರ ಫೆಬ್ರವರಿಯಲ್ಲಿ ಶಾಸನಸಭೆಗೆ ಚುನಾವಣೆ ನಡೆಸಿತು. ಸೆರೆಮನೆಯಲ್ಲಿದ್ದ ಕ್ವಾಮೆ ಎನ್‌ಕ್ರುಮಾ ಅಕ್ರಾ ನಗರದಿಂದ ಗೆದ್ದು, ಸೆರೆಮನೆಯಿಂದ ನೇರವಾಗಿ ಸರ್ಕಾರದ ಮುಖ್ಯಸ್ಥಾನಕ್ಕೆ ಬಂದದ್ದು ಲೋಕಪ್ರಸಿದ್ಧವಾದ ಸಂಗತಿ. ಆದರೆ ಆ ಚುನಾವಣೆಯಲ್ಲಿ ಹಳ್ಳಿಗಾಡಿನ ಜನ ನೇರವಾಗಿ ಸದಸ್ಯರನ್ನು ಆರಿಸಲಿಲ್ಲ, ಆರಿಸುವವರನ್ನು ಆರಿಸಿದರು. ನೈಜೀರಿಯಾದಲ್ಲಿ 1959ರ ಸಂಯುಕ್ತ ಚುನಾವಣೆಯಲ್ಲಿಯೂ ಉತ್ತರ ಪ್ರಾಂತದ ಹೆಂಗಸರಿಗೆ ಮತವಿರಲಿಲ್ಲ. ತಲಕಾಡಿನ ಮರಳ ಮೇಲೆ ನಡೆದು ಮತಗಟ್ಟೆಗೆ ಹೋದ ಅಕ್ಷರವಿಲ್ಲದ ಹೆಂಗಸು, ಅಂದಿನ ಪ್ರಪಂಚದ ಎಷ್ಟೋ ದೇಶಗಳ ವಿದ್ಯಾವಂತ ಸ್ತ್ರೀಯರಿಗೆ ದೊರೆಯದಿದ್ದ ಹಕ್ಕನ್ನು 1952ರಲ್ಲಿಯೇ ಪಡೆದಿದ್ದಳು. ನಮ್ಮ ಮೊದಲನೆಯ ಮಹಾಚುನಾವಣೆಯನ್ನು ನಡೆಸಿದ ಮುಖ್ಯ ಚುನಾವಣಾಧಿಕಾರಿ ಸುಕುಮಾರ ಸೇನರನ್ನು 1953ರಲ್ಲಿ ಸೂಡಾನ್ ದೇಶದ ಚುನಾವಣೆ ನಡೆಸಿಕೊಡಲು ಕರೆಸಿಕೊಂಡುದೂ ಇಲ್ಲಿ ಸ್ಮರಣೀಯ.

3

ಮೊದಲನೆಯ ಮಹಾಚುನಾವಣೆ 1951ರ ಅಕ್ಟೋಬರಿನಿಂದ 1952ರ ಫೆಬ್ರವರಿಯವರೆಗೆ ನಡೆಯಿತು. ದೇಶದ ಮತದಾರರ ಸಂಖ್ಯೆ 17 ಕೋಟಿಯನ್ನು ಮೀರಿತ್ತು. ಆರಿಸಬೇಕಾದ ಲೋಕಸಭಾ ಸದಸ್ಯರು 489 ಮಂದಿ. ಅಂದಿನ ಮೈಸೂರು ರಾಜ್ಯಕ್ಕೆ ದೊರೆತ ಸ್ಥಾನಗಳು 11. ಇವುಗಳಲ್ಲಿ ಕೋಲಾರ ಮತ್ತು ಮೈಸೂರು ಕ್ಷೇತ್ರಗಳು ದ್ವಿಸದಸ್ಯ ಕ್ಷೇತ್ರಗಳಾಗಿದ್ದು, ಉಳಿದವುಗಳಿಗೆ ಒಬ್ಬೊಬ್ಬ ಸದಸ್ಯ. ನಂಜನಗೂಡು, ನರಸೀಪುರಗಳ ಮತದಾರರು ಮೈಸೂರು ಕ್ಷೇತ್ರಕ್ಕೆ ಸೇರಿದ್ದರು.

ದ್ವಿಸದಸ್ಯ ಕ್ಷೇತ್ರವೆಂದರೇನೆಂಬುದನ್ನು ಇಂದಿನ ಓದುಗರಿಗಾಗಿ ಸ್ವಲ್ಪ ವಿವರಿಸಬೇಕಾಗಿದೆ. ಅಂಥ ಕ್ಷೇತ್ರದಲ್ಲಿ ಪ್ರತಿಯೊಬ್ಬ ಮತದಾರನಿಗೂ ಎರಡು ಮತಗಳಿದ್ದವು. ಎರಡನ್ನೂ ಒಬ್ಬನೇ ಉಮೇದುವಾರನಿಗೆ ಕೊಡುವಂತಿರಲಿಲ್ಲ. ಎರಡು ಸ್ಥಾನಗಳಲ್ಲಿ ಒಂದು ಪರಿಶಿಷ್ಟ ಜಾತಿಗೆ ಮೀಸಲು. ಎಣಿಕೆಯಾದ ಮೇಲೆ ಪರಿಶಿಷ್ಟ ಜಾತಿಯ ಉಮೇದುವಾರರ ಪೈಕಿ ಹೆಚ್ಚು ಮತ ಪಡೆದವರನ್ನು ಮೀಸಲು ಸ್ಥಾನಕ್ಕೆ ಮೊದಲು ಘೋಷಿಸುತ್ತಿದ್ದರು. ಉಳಿದ ಎಲ್ಲರ ಪೈಕಿ, ಅವರು ಯಾವ ಜಾತಿಯವರೇ ಆಗಲಿ, ಹೆಚ್ಚು ಮತ ಪಡೆದವರು ಎರಡನೆಯ ಸ್ಥಾನಕ್ಕೆ. ಪ್ರತಿ ಉಮೇದುವಾರನಿಗೂ ಅವನ ಚಿಹ್ನೆಯನ್ನು ಅಂಟಿಸಿದ ಪ್ರತ್ಯೇಕವಾದ ಪೆಟ್ಟಿಗೆಯಿರುತ್ತಿತ್ತು. ಮತದಾರನು ಮರೆಯೊಳಕ್ಕೆ ಹೋಗಿ, ತನಗೆ ಬೇಕಾದ ಚಿತ್ರವಿರುವ ಪೆಟ್ಟಿಗೆಯಲ್ಲಿ ಚೀಟಿಯನ್ನು ಹಾಕಿ ಬರುತ್ತಿದ್ದನು. ಕಾಂಗ್ರೆಸ್ಸಿನ ಚಿಹ್ನೆ ನೊಗ ಹೊತ್ತ ಜೋಡೆತ್ತು. ಆಚಾರ್ಯ ಕೃಪಲಾನಿಯವರು 1951ರಲ್ಲಿ ಕಾಂಗ್ರೆಸ್ಸನ್ನು ಬಿಟ್ಟು ಕಟ್ಟಿದ ಕಿಸಾನ್ ಮಜ್ದೂರ್ ಪ್ರಜಾ ಪಕ್ಷದ ಚಿಹ್ನೆ ಗುಡಿಸಲು. ಎತ್ತಾಗಲಿ, ಗುಡಿಸಲಾಗಲಿ ಕಾವೇರಿ ಬಯಲಿನ ರೈತನಿಗೆ ಯಾರೂ ಹೇಳಿಕೊಡಬೇಕಾದ ವಸ್ತುಗಳಾಗಿರಲಿಲ್ಲ.

ಫಲಿತಾಂಶವು ಕುತೂಹಲಕರವಾದುದು. ರಾಜ್ಯದ 11 ಸ್ಥಾನಗಳ ಪೈಕಿ 10ನ್ನು ಕಾಂಗ್ರೆಸ್ಸು ಗೆದ್ದಿತು. ಉಳಿದ ಒಂದು, ಮೈಸೂರು ಕ್ಷೇತ್ರದ ಸಾಮಾನ್ಯ ಸ್ಥಾನ, ಪ್ರಜಾ ಪಕ್ಷದ ಎಂ. ಎಸ್. ಗುರುಪಾದಸ್ವಾಮಿಯವರ ಪಾಲಾಯಿತು. ಅದೇ ಕ್ಷೇತ್ರದ ಮೀಸಲು ಸ್ಥಾನವನ್ನು ಕಾಂಗ್ರೆಸ್ಸಿನ ಎನ್. ರಾಚಯ್ಯನವರು ಪಡೆದರು. ಇವರನ್ನು ಮುಂದೆ 1977ರಲ್ಲಿ ಚಾಮರಾಜನಗರದಿಂದ ಲೋಕಸಭೆಗೆ ಹೋಗಿ, ಅನಂತರ ಕೇರಳದ ರಾಜ್ಯಪಾಲರಾದ ಬಿ. ರಾಚಯ್ಯನವರೊಡನೆ ಗೊಂದಲಗೊಳಿಸಬಾರದು. ಹೀಗೆ ಒಂದೇ ಕ್ಷೇತ್ರದ ಜನರು ಒಂದೇ ಚುನಾವಣೆಯಲ್ಲಿ ಆಳುವ ಪಕ್ಷದವರೊಬ್ಬರನ್ನೂ ವಿರೋಧಪಕ್ಷದವರೊಬ್ಬರನ್ನೂ ದೆಹಲಿಗೆ ಕಳುಹಿಸಿದಂತಾಯಿತು.

ಇದರಿಂದ ಏನನ್ನು ಊಹಿಸಬಹುದು? ಒಬ್ಬೊಬ್ಬ ಮತದಾರನೂ ಒಂದು ಚೀಟಿಯನ್ನು ಎತ್ತಿಗೂ ಇನ್ನೊಂದನ್ನು ಗುಡಿಸಲಿಗೂ ಹಾಕಿದನೆಂದು ಹೇಳುವುದು ಸುಲಭ. ಆದರೆ ಅದು ಯುಕ್ತಿಯುಕ್ತವಲ್ಲ. ಪೆಟ್ಟಿಗೆಗಳನ್ನು ಬೇರೆ ಬೇರೆಯಾಗಿ ಎಣಿಸಿದಾಗ ಒಬ್ಬನ ಎರಡು ಚೀಟಿಗಳ ಸಂಬಂಧ ಅಳಿದುಹೋಗುತ್ತದೆ. ಗುಪ್ತಮತದಾನದ ಅರ್ಥವೇ ಅದು. ನಿಶ್ಚಯವಾಗಿ ಹೇಳಬಹುದಾದುದು ಇಷ್ಟು: ಕಾಂಗ್ರೆಸ್ಸಿನ ಹೆಸರಿಗಾಗಿಯೇ ಎರಡು ಮತಗಳನ್ನೂ ಕೊಡುವವರ ಸಂಖ್ಯೆ ಇಲ್ಲಿ ಎರಡು ಸ್ಥಾನಗಳನ್ನೂ ಗೆಲ್ಲಿಸುವಷ್ಟು ಇರಲಿಲ್ಲ. ಅದೇ ಕಾಲದ ರಾಜ್ಯ ವಿಧಾನಸಭೆಯ ಚುನಾವಣೆಯಲ್ಲಿ 99 ಸ್ಥಾನಗಳ ಪೈಕಿ ಕಾಂಗ್ರೆಸ್ಸಿಗೆ 74, ಪ್ರಜಾ ಪಕ್ಷಕ್ಕೆ 8 ಮಾತ್ರ ಬಂದುದನ್ನು ನೆನೆದರೆ, ಮೈಸೂರು ಕ್ಷೇತ್ರದ ಜನರ ಈ ಸ್ವತಂತ್ರ ಬುದ್ಧಿ ಇನ್ನೂ ಎದ್ದು ಕಾಣುತ್ತದೆ.

ಗುರುಪಾದಸ್ವಾಮಿಯವರು ಮುಂದೆ ಬಹುಕಾಲ ರಾಜ್ಯಸಭೆಯಲ್ಲಿದ್ದು, ಕೇಂದ್ರದಲ್ಲಿ ಮಂತ್ರಿಯಾಗಿಯೂ ರಾಜ್ಯಸಭೆಯ ವಿರೋಧಪಕ್ಷದ ನಾಯಕರಾಗಿಯೂ ಕೆಲಸಮಾಡಿದರು. ಬಾಲಕಾರ್ಮಿಕರ ಸ್ಥಿತಿಗತಿಗಳನ್ನು ವಿಚಾರಿಸಲು 1979ರಲ್ಲಿ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ; 1986ರ ಬಾಲಕಾರ್ಮಿಕ ನಿಷೇಧ ಮತ್ತು ನಿಯಂತ್ರಣ ಕಾಯಿದೆಗೆ ಆ ವರದಿಯೇ ತಳಹದಿ.

4

ದ್ವಿಸದಸ್ಯ ವ್ಯವಸ್ಥೆಯ ಹಿಂದೆ ಒಂದು ಹಳೆಯ ವಾದವಿತ್ತು. 1932ರಲ್ಲಿ ಗಾಂಧೀಜಿ ಮತ್ತು ಡಾ. ಅಂಬೇಡ್ಕರ್ ಅವರ ನಡುವೆ ಆದ ಪುಣೆಯ ಒಪ್ಪಂದದಿಂದ ಪ್ರತ್ಯೇಕ ಮತಕ್ಷೇತ್ರದ ಬೇಡಿಕೆ ಹಿಂದೆ ಸರಿದು, ಸಂಯುಕ್ತ ಮತದಾನ ಮತ್ತು ಮೀಸಲು ಸ್ಥಾನಗಳ ತತ್ತ್ವ ನೆಲೆಗೊಂಡಿತು. ಸ್ಥಾನವು ಪರಿಶಿಷ್ಟರದು, ಮತವು ಎಲ್ಲರದು. ಈ ಏರ್ಪಾಡಿನ ದೋಷವನ್ನು ಅಂಬೇಡ್ಕರ್ ಅವರು ತಮ್ಮ ಅನುಭವದಿಂದಲೇ ಕಂಡರು. 1952ರಲ್ಲಿ ಮುಂಬಯಿ ನಗರ ಉತ್ತರದ ದ್ವಿಸದಸ್ಯ ಕ್ಷೇತ್ರದಲ್ಲಿ, ಮೀಸಲು ಸ್ಥಾನಕ್ಕೆ ನಿಂತ ರಾಜ್ಯಾಂಗಶಿಲ್ಪಿಯೇ ಕಾಂಗ್ರೆಸ್ಸಿನ ನಾರಾಯಣ ಕಾಜ್ರೋಳ್ಕರರ ಎದುರು ಸೋತರು. ಬೇಕೆಂದೇ ವ್ಯರ್ಥಗೊಳಿಸಿದ ಮತಗಳ ಪ್ರಶ್ನೆಯನ್ನು ಆ ಬಳಿಕ ಚುನಾವಣಾ ತಕರಾರು ಅರ್ಜಿಯಲ್ಲಿ ಎತ್ತಲಾಯಿತು.

ಇದಕ್ಕೆ ವಿರುದ್ಧವಾದ ಪ್ರಸಂಗ ಆಂಧ್ರದ ಪಾರ್ವತೀಪುರದಲ್ಲಿ 1957ರಲ್ಲಿ ನಡೆಯಿತು. ಅಲ್ಲಿ ಮೀಸಲು ಸ್ಥಾನ ಪರಿಶಿಷ್ಟ ಪಂಗಡದ್ದು. ಆ ಪಂಗಡದ ಇಬ್ಬರೇ ಅತ್ಯಧಿಕ ಮತಗಳನ್ನು ಪಡೆದುದರಿಂದ ಎರಡು ಸ್ಥಾನಗಳೂ ಅವರಿಗೇ ಸಂದವು. ಸಾಮಾನ್ಯ ಸ್ಥಾನವನ್ನು ನೆಚ್ಚಿಕೊಂಡಿದ್ದ ವಿ. ವಿ. ಗಿರಿಯವರು ಸೋತರು. ಮುಂದೆ ಮೈಸೂರಿನ ರಾಜ್ಯಪಾಲರೂ ಅನಂತರ ರಾಷ್ಟ್ರಪತಿಗಳೂ ಆದ ಗಿರಿಯವರು ಈ ವಿವಾದವನ್ನು ಸರ್ವೋಚ್ಚ ನ್ಯಾಯಾಲಯದವರೆಗೂ ಒಯ್ದರು. 1959ರ ತೀರ್ಪು ಅವರಿಗೆ ಪ್ರತಿಕೂಲವಾಯಿತು. ಸಾಮಾನ್ಯ ಸ್ಥಾನವೆಂದರೆ ಮೇಲುಜಾತಿಯವರಿಗೆ ಮೀಸಲಾದ ಸ್ಥಾನವಲ್ಲ, ಎಲ್ಲರಿಗೂ ತೆರೆದ ಸ್ಥಾನ ಎಂಬುದು ಅದರ ತಾತ್ಪರ್ಯ. ಎರಡು ವರ್ಷಗಳ ಬಳಿಕ, 1961ರಲ್ಲಿ, ದ್ವಿಸದಸ್ಯ ಕ್ಷೇತ್ರಗಳನ್ನು ರದ್ದುಗೊಳಿಸುವ ಕಾಯಿದೆ ಬಂತು. ಕ್ಷೇತ್ರಗಳ ವಿಸ್ತಾರವೂ ವೆಚ್ಚವೂ ಮಿತಿಮೀರಿದುವೆಂಬುದು ಹೇಳಿದ ಕಾರಣ. ಆದರೆ ಪಾರ್ವತೀಪುರದ ನೆನಪು ಆಗ ಇನ್ನೂ ಹಸಿಯಾಗಿತ್ತೆಂಬುದನ್ನು ಚರಿತ್ರಕಾರನು ಮರೆಯಲಾಗದು.

ಮೈಸೂರು ಕ್ಷೇತ್ರದ ಎರಡನೆಯ ಹಾಗೂ ಕಡೆಯ ದ್ವಿಸದಸ್ಯ ಚುನಾವಣೆ 1957ರಲ್ಲಿ ನಡೆಯಿತು. ಅಷ್ಟರಲ್ಲಿ 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾಗಿ, ಮದರಾಸು ರಾಜ್ಯದ ಕೊಳ್ಳೇಗಾಲವು ಮೈಸೂರು ಜಿಲ್ಲೆಗೆ ಸೇರಿತ್ತು. ಈ ಸಲ ಸಾಮಾನ್ಯ ಸ್ಥಾನಕ್ಕೆ ಎಂ. ಶಂಕರಯ್ಯನವರೂ ಮೀಸಲು ಸ್ಥಾನಕ್ಕೆ ಎಸ್. ಎಂ. ಸಿದ್ದಯ್ಯನವರೂ ಆಯ್ಕೆಯಾದರು; ಇಬ್ಬರೂ ಕಾಂಗ್ರೆಸ್ಸಿನವರು.

5

1962ರ ಚುನಾವಣೆಗೆ ಮೈಸೂರು ಕ್ಷೇತ್ರ ಇಬ್ಭಾಗವಾಗಿ, ಮೈಸೂರು ಸಾಮಾನ್ಯ ಕ್ಷೇತ್ರವೂ ಚಾಮರಾಜನಗರ ಮೀಸಲು ಕ್ಷೇತ್ರವೂ ಹುಟ್ಟಿದುವು. ಹಳೆಯ ಇಬ್ಬರು ಸದಸ್ಯರೂ ಒಂದೊಂದನ್ನು ಹಂಚಿಕೊಂಡರೆನ್ನಬಹುದು: ಶಂಕರಯ್ಯನವರು ಮೈಸೂರಿನಿಂದಲೂ ಸಿದ್ದಯ್ಯನವರು ಚಾಮರಾಜನಗರದಿಂದಲೂ ಗೆದ್ದರು. ಪೆಟ್ಟಿಗೆಯ ಪದ್ಧತಿಯೂ ಆಗಲೇ ಹಿಂದೆ ಸರಿದು, ಎಲ್ಲ ಚಿಹ್ನೆಗಳನ್ನೂ ಅಚ್ಚುಹಾಕಿದ ಒಂದೇ ಚೀಟಿಯ ಮೇಲೆ ಗುರುತು ಒತ್ತುವ ಕ್ರಮ ಹರಡಿತು. ಮತದಾರನ ಬೆರಳಿಗೆ ಅಳಿಯದ ಶಾಯಿಯನ್ನು ಒದಗಿಸುವ ಕೆಲಸವನ್ನು, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1937ರಲ್ಲಿ ಸ್ಥಾಪಿತವಾದ ಮೈಸೂರಿನ ಅರಗು ಮತ್ತು ಬಣ್ಣದ ಕಾರ್ಖಾನೆ ಅದೇ 1962ರಲ್ಲಿ ವಹಿಸಿಕೊಂಡಿತು. ಮುಂದೆ ಆ ಶಾಯಿ ಘಾನಾ, ನೈಜೀರಿಯಾ ಮೊದಲಾದ ಆಫ್ರಿಕದ ದೇಶಗಳ ಮತದಾರರ ಬೆರಳುಗಳನ್ನೂ ಮುಟ್ಟಿತು.

ನಂಜನಗೂಡು, ನರಸೀಪುರ ವಿಧಾನಸಭಾ ಕ್ಷೇತ್ರಗಳು ಚಾಮರಾಜನಗರ ಲೋಕಸಭಾ ಕ್ಷೇತ್ರದ ಅಂಗಗಳಾದ ಮೇಲೆ, ಅಲ್ಲಿನ ಮತದಾರರ ಕೈಯಲ್ಲಿ ಉಳಿದುದು ಒಂದೇ ಮತ. ಅದೂ ಪರಿಶಿಷ್ಟ ಜಾತಿಯ ಉಮೇದುವಾರರ ನಡುವಣ ಆಯ್ಕೆಗೆ. ಸಿದ್ದಯ್ಯನವರು 1957ರಿಂದ ಮೊದಲುಗೊಂಡು 1971ರವರೆಗೆ ನಾಲ್ಕು ಚುನಾವಣೆಗಳಲ್ಲಿ ಗೆದ್ದರು. 1977ರಲ್ಲಿ ಬಿ. ರಾಚಯ್ಯನವರ ಸರದಿ. 1980ರಿಂದ ವಿ. ಶ್ರೀನಿವಾಸಪ್ರಸಾದರ ಯುಗ ಆರಂಭವಾಯಿತು. 1980, 1984, 1989, 1991ರಲ್ಲಿ ಕಾಂಗ್ರೆಸ್ಸಿನಿಂದ, 1999ರಲ್ಲಿ ಸಂಯುಕ್ತ ಜನತಾದಳದಿಂದ, 2019ರಲ್ಲಿ ಭಾರತೀಯ ಜನತಾ ಪಕ್ಷದಿಂದ, ಹೀಗೆ ಆರು ಸಲ ಅವರು ಈ ಕ್ಷೇತ್ರದಿಂದ ಆರಿಸಿ ಬಂದರು. ನಡುವೆ 1996 ಮತ್ತು 1998ರಲ್ಲಿ ಜನತಾದಳದ ಎ. ಸಿದ್ದರಾಜು, 2004ರಲ್ಲಿ ಜಾತ್ಯತೀತ ಜನತಾದಳದ ಎಂ. ಶಿವಣ್ಣ, 2009 ಮತ್ತು 2014ರಲ್ಲಿ ಕಾಂಗ್ರೆಸ್ಸಿನ ಆರ್. ಧ್ರುವನಾರಾಯಣ ಗೆದ್ದರು.

ಈ ಸಾಲನ್ನು ನೋಡಿದಾಗ ಒಂದು ಅಂಶ ಕಾಣುತ್ತದೆ. ಮೀಸಲು ಕ್ಷೇತ್ರದಲ್ಲಿ ವ್ಯಕ್ತಿಗೆ ಬೆಲೆಯಿಲ್ಲ, ಪಕ್ಷದ ಚಿಹ್ನೆಯೇ ಎಲ್ಲವೂ ಎಂಬ ಮಾತು ವಾಡಿಕೆಯಲ್ಲಿದೆ. ಮೂರು ಬೇರೆ ಬೇರೆ ಪಕ್ಷಗಳ ಚಿಹ್ನೆಗಳ ಮೇಲೆ ಒಬ್ಬರನ್ನೇ ಆರಿಸಿ ಕಳುಹಿಸಿದ ಈ ಕ್ಷೇತ್ರದ ಮಟ್ಟಿಗೆ ಆ ಮಾತು ಪೂರ್ತಿಯಾಗಿ ಸಲ್ಲುವುದಿಲ್ಲ. ಆದರೆ ವ್ಯಕ್ತಿಯ ಬೆಲೆಗೂ ಮಿತಿಯುಂಟು. 2016ರಲ್ಲಿ ರಾಜ್ಯ ಮಂತ್ರಿಮಂಡಲದಿಂದ ಕೈಬಿಡಲ್ಪಟ್ಟ ಶ್ರೀನಿವಾಸಪ್ರಸಾದರು ನಂಜನಗೂಡಿನ ಶಾಸಕತ್ವಕ್ಕೂ ಕಾಂಗ್ರೆಸ್ಸಿಗೂ ರಾಜೀನಾಮೆಯಿತ್ತು, 2017ರ ಏಪ್ರಿಲ್ ತಿಂಗಳ ಉಪಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದಿಂದ ನಿಂತಾಗ, ಕಾಂಗ್ರೆಸ್ಸಿನ ಕಳಲೆ ಕೇಶವಮೂರ್ತಿಯವರ ಎದುರು 21 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಎರಡೇ ವರ್ಷಗಳಲ್ಲಿ, 2019ರ ಲೋಕಸಭಾ ಚುನಾವಣೆಯಲ್ಲಿ, ಅವರೇ ಧ್ರುವನಾರಾಯಣರನ್ನು 1,817 ಮತಗಳಿಂದ ಸೋಲಿಸಿದರು. ಇಬ್ಬರಿಗೂ ಸೇರಿ ಬಿದ್ದ ಮತಗಳು 11 ಲಕ್ಷಕ್ಕೂ ಹೆಚ್ಚು. ಧ್ರುವನಾರಾಯಣರಿಗೆ ಅಲ್ಪ ಅಂತರಗಳು ಹೊಸವಾಗಿರಲಿಲ್ಲ. 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರವನ್ನು ಅವರು ಗೆದ್ದದ್ದು ಒಂದೇ ಒಂದು ಮತದಿಂದ.

2023ರ ಮಾರ್ಚಿಯಲ್ಲಿ ಧ್ರುವನಾರಾಯಣರು ತೀರಿಕೊಂಡರು. 2024ರ ಏಪ್ರಿಲ್ 26ರಂದು ಚಾಮರಾಜನಗರ ಕ್ಷೇತ್ರ ಮತ ಹಾಕಿತು. ಮೂರು ದಿನಗಳ ಬಳಿಕ, ಎಣಿಕೆಗೆ ಮುನ್ನವೇ, ಶ್ರೀನಿವಾಸಪ್ರಸಾದರೂ ತೀರಿಕೊಂಡರು. ಜೂನ್ 4ರಂದು ಕಾಂಗ್ರೆಸ್ಸಿನ ಸುನಿಲ್ ಬೋಸ್ ಅವರ ಜಯ ಘೋಷಿತವಾಯಿತು. ಒಂದು ತಲೆಮಾರಿನ ರಾಜಕೀಯ ಹೀಗೆ ಒಂದೂವರೆ ವರ್ಷದೊಳಗೆ ಮುಗಿದುಹೋಯಿತು.

6

ಇನ್ನು ನಮ್ಮ ಮೊದಲಿನ ಪ್ರಶ್ನೆಗೆ ಬರೋಣ. ಮೀಸಲು ಕ್ಷೇತ್ರದಲ್ಲಿಯೂ ಬಹುಸಂಖ್ಯಾತ ಮತದಾರರು ಪರಿಶಿಷ್ಟ ಜಾತಿಯವರಲ್ಲ. ಆದುದರಿಂದ ತನ್ನ ಜನರ ಹಿತಕ್ಕಾಗಿ ಏರ್ಪಟ್ಟ ಸ್ಥಾನವನ್ನು ಹಿಡಿಯಬೇಕಾದವನು ಇತರರ ಒಪ್ಪಿಗೆಯನ್ನು ಗಳಿಸಲೇಬೇಕು. ಈ ಏರ್ಪಾಡು ಸಾಮರಸ್ಯವನ್ನು ಬೆಳೆಸುತ್ತದೆಂಬುದು ಒಂದು ಪಕ್ಷ. ಬಾಯಿಯನ್ನು ಕಟ್ಟುತ್ತದೆಂಬುದು ಇನ್ನೊಂದು ಪಕ್ಷ. ನಂಜನಗೂಡು ತಾಲ್ಲೂಕಿನ ಬದನವಾಳು ಈ ಎರಡು ಪಕ್ಷಗಳನ್ನೂ ನೆನಪಿಗೆ ತರುತ್ತದೆ. 1927ರಲ್ಲಿ ಗಾಂಧೀಜಿಯವರು ಬಂದು ಹೋದ ಖಾದಿಯ ಊರು ಅದು. ಅದೇ ಊರಿನಲ್ಲಿ ದೇವಾಲಯ ಪ್ರವೇಶದ ವಿವಾದ ಬೆಳೆದು, 1993ರಲ್ಲಿ ಮೂವರು ದಲಿತರ ಹತ್ಯೆಯಾಯಿತು. ಆ ವೇಳೆಗೆ ಮೂರು ದಶಕಗಳಿಂದ ಚಾಮರಾಜನಗರವು ಮೀಸಲು ಕ್ಷೇತ್ರವಾಗಿತ್ತು. ದೆಹಲಿಯಲ್ಲಿ ಸ್ಥಾನವಿದ್ದ ಮಾತ್ರಕ್ಕೆ ಊರಿನ ಗುಡಿಯಲ್ಲಿ ಸ್ಥಾನ ದೊರೆಯದೆಂಬುದಕ್ಕೆ ಇದಕ್ಕಿಂತ ಕಠಿಣವಾದ ಸಾಕ್ಷ್ಯ ಬೇಕಿಲ್ಲ.

ಹಾಗೆಂದು ಮೀಸಲಾತಿ ನಿಷ್ಫಲವಾಯಿತೆಂದು ಹೇಳುವುದು ಅವಿಚಾರವಾದೀತು. 1881ರ ಸಭೆಗೆ ತಾಲ್ಲೂಕಿನ ಪರವಾಗಿ ಹೋಗಿ ಕುಳಿತವರು ಯಾರು, 1952ರ ಬಳಿಕ ಹೋದವರು ಯಾರು ಎಂಬುದನ್ನು ಹೋಲಿಸಿದರೆ ಸಾಕು. ಮೇಲ್ಜಾತಿಯ ಮುಖಂಡರು ತಮ್ಮ ಊರಿನ ರಸ್ತೆಗಾಗಿ, ಕಾಲುವೆಗಾಗಿ, ಶಾಲೆಗಾಗಿ ದಲಿತ ಪ್ರತಿನಿಧಿಯ ಮನೆಯ ಬಾಗಿಲಿಗೆ ಹೋಗಿ ಕಾಯಬೇಕಾಗಿ ಬಂದುದು ಸಣ್ಣ ಪಲ್ಲಟವಲ್ಲ. ಅಂಕಿಗಳು ತೋರಿಸದ ಸಾಮಾಜಿಕ ಪರಿವರ್ತನೆ ಇದು.

ಇಂದಿನ ವ್ಯವಸ್ಥೆಯಲ್ಲಿ ಇನ್ನೂ ಒಂದು ತೊಡಕಿದೆ. 1997ರಲ್ಲಿ ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾಯಿತು. ನಂಜನಗೂಡು, ನರಸೀಪುರಗಳು ಮೈಸೂರು ಜಿಲ್ಲೆಯಲ್ಲಿಯೇ ಉಳಿದುವು. ಅವುಗಳ ಲೋಕಸಭಾ ಸ್ಥಾನ ಮಾತ್ರ ಪಕ್ಕದ ಜಿಲ್ಲೆಯ ಹೆಸರಿನಲ್ಲಿದೆ. 2008ರ ಪುನರ್ವಿಂಗಡಣೆಯಿಂದ ಈ ಎರಡು ತಾಲ್ಲೂಕುಗಳ ಹಲವು ಹಳ್ಳಿಗಳು ಹೊಸದಾಗಿ ಹುಟ್ಟಿದ ವರುಣಾ ವಿಧಾನಸಭಾ ಕ್ಷೇತ್ರಕ್ಕೆ ಸೇರಿದುವು. 2013ರಲ್ಲೂ 2023ರಲ್ಲೂ ಮುಖ್ಯಮಂತ್ರಿಯಾದ ಸಿದ್ದರಾಮಯ್ಯನವರನ್ನು ಆರಿಸಿದ್ದು ಆ ವರುಣಾ. ನಂಜನಗೂಡು, ನರಸೀಪುರ ವಿಧಾನಸಭಾ ಸ್ಥಾನಗಳು ಮೀಸಲು, ವರುಣಾ ಸಾಮಾನ್ಯ, ಮೂರೂ ಸೇರಿರುವ ಲೋಕಸಭಾ ಸ್ಥಾನ ಮೀಸಲು. ಒಂದೇ ತಾಲ್ಲೂಕಿನ ನೆರೆಹೊರೆಯ ಎರಡು ಹಳ್ಳಿಗಳ ಜನ ಇಂದು ಬೇರೆ ಬೇರೆ ಬಗೆಯ ವಿಧಾನಸಭಾ ಸ್ಥಾನಗಳಿಗೆ ಮತ ಹಾಕಿ, ಲೋಕಸಭೆಗೆ ಮಾತ್ರ ಒಟ್ಟಿಗೆ ಹಾಕುತ್ತಾರೆ.

ರಾಜ್ಯಾಂಗವು ಶಾಸನಸಭೆಗಳ ಮೀಸಲಾತಿಗೆ ಮೊದಲು ಗೊತ್ತುಪಡಿಸಿದ ಅವಧಿ ಹತ್ತು ವರ್ಷ. ಅದು ಹತ್ತು ಹತ್ತು ವರ್ಷಗಳಂತೆ ಬೆಳೆದು ಬಂದು, ಈಗಿನ ಗಡುವು 2030. ಆಗ ನಡೆಯಬೇಕಾದ ಚರ್ಚೆಗೆ ಈ ಎರಡು ತಾಲ್ಲೂಕುಗಳ ಅನುಭವ ಒಂದಿಷ್ಟು ಸಾಮಗ್ರಿಯನ್ನು ಒದಗಿಸುತ್ತದೆಂದು ನಂಬಿದ್ದೇವೆ. ದ್ವಿಸದಸ್ಯ ಕ್ಷೇತ್ರದಲ್ಲಿ ಪ್ರತಿ ಮತದಾರನೂ ಸಾಮಾನ್ಯ ಸ್ಥಾನಕ್ಕೂ ಮೀಸಲು ಸ್ಥಾನಕ್ಕೂ ಏಕಕಾಲದಲ್ಲಿ ಹೊಣೆಗಾರನಾಗಿದ್ದನು. ಪರಿಶಿಷ್ಟ ಜಾತಿಯ ಉಮೇದುವಾರನಿಗೆ ಎರಡು ಸ್ಥಾನಗಳೂ ತೆರೆದಿದ್ದುವು. ಆ ಪದ್ಧತಿ ಕೇವಲ ಎರಡು ಚುನಾವಣೆಗಳ ಬಳಿಕ ಅಳಿಯಿತು. ಅದರ ದೋಷಗಳು ನಿಜವಾದುವೇ. ಆದರೆ ಅದನ್ನು ಬಿಟ್ಟಾಗ ಕಳೆದುಕೊಂಡುದೇನೆಂಬ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಮತಗಟ್ಟೆವಾರು ಫಲಿತಾಂಶಗಳನ್ನೂ ತಾಲ್ಲೂಕಿನ ಹಿರಿಯರ ನೆನಪುಗಳನ್ನೂ ಒಟ್ಟುಗೂಡಿಸಿ ಆ ಲೆಕ್ಕವನ್ನು ಬರೆಯುವ ಕೆಲಸ ನಮ್ಮ ಸಂಶೋಧಕ ವಿದ್ಯಾರ್ಥಿಗಳಿಗಾಗಿ ಕಾದಿದೆ. 1952ರಲ್ಲಿ ಎರಡು ಚೀಟಿಗಳನ್ನು ಕೈಯಲ್ಲಿ ಹಿಡಿದು ಮರೆಯೊಳಗೆ ನಿಂತವರಲ್ಲಿ ಬದುಕಿರುವವರು ಈಗ ತೊಂಬತ್ತನ್ನು ದಾಟಿದವರು. ಆದುದರಿಂದ ಈ ಕೆಲಸ ತಡವಾಗಬಾರದು.